ಬೆಳ್ಳಿ ನೀರಿಗೆ ನನ್ನ ಸಹಿ

ಕೋವಿಡ್ಡಿನ ಎರಡನೇ ಅಲೆ ಇಳಿದ ವರ್ಷ ನಾನು ಹುಣಸೂರಿನ ಒಂದು ಸಣ್ಣ ಖಾಸಗಿ ನೀರು ಪರೀಕ್ಷಾ ಲ್ಯಾಬಿನಲ್ಲಿ ಹಿರಿಯ ಅನಲಿಸ್ಟ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬರುವ ಬೋರ್‌ವೆಲ್ ನೀರನ್ನು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ರಾವಂದೂರಿನ ಪರಮೇಶಪ್ಪ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಹುಡುಗಿಯರು ಗಾಜಿನ ಸಾಮಾನು ಒಡೆದುಹಾಕುತ್ತಾರೆಂದು ಬೇರೆಯವರು ದೂರ ಇಡುತ್ತಿದ್ದಾಗ ನನ್ನ ಕೈಗೆ ಬ್ಯುರೆಟ್ ಕೊಟ್ಟವರು. ನಾನು ಈ ವೃತ್ತಿಗೆ ಬಂದದ್ದೇ ಅವರಿಂದ. ಚೀಲದಿಂದ ನಾಲ್ಕು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

“ಇದ್ರಲ್ಲಿ ಎಲ್ಲಕ್ಕಿಂತ ಶುದ್ಧ ಯಾವ್ದು, ನೋಡಿ ಹೇಳಮ್ಮ.”

“ಯಾತಕ್ಕೆ ಸರ್?”

“ಇನ್ವರ್ಟರ್ ಬ್ಯಾಟ್ರಿಗೆ ಕಣಮ್ಮ. ನಮ್ಮ ಬೀದಿಯೋರ ಬ್ಯಾಟ್ರಿಗೆಲ್ಲ ನಾನೇ ನೀರು ಹಾಕೋದು.”

ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಮೊತ್ತ, ಲೀಟರಿಗೆ 640 ಮಿಲಿಗ್ರಾಂ ಇತ್ತು. ಆರ್‌ಒ ಫಿಲ್ಟರಿನದು 46, ಮಳೆ ನೀರಿನದು 18. ಅಂಗಡಿಯಲ್ಲಿ ಬ್ಯಾಟರಿಗೆಂದೇ ಮಾರುವ ಡಿಸ್ಟಿಲ್ಡ್ ವಾಟರ್ 7. ಇದು ಧಾರಾಳ ಸಾಕು ಎಂದೆ. ಅವರಿಗೆ ಸಾಕಾಗಲಿಲ್ಲ.

“ಸಿಲ್ವರ್ ನೈಟ್ರೇಟ್ ಒಂದು ತೊಟ್ಟು ಬಿಟ್ಟು ನೋಡು. ಒಂಚೂರೂ ಬೆಳ್ಳಗಾಗಬಾರದು.”

ನೀರಿನಲ್ಲಿ ಕ್ಲೋರೈಡ್ ಇದ್ದರೆ ಆ ದ್ರಾವಣದಿಂದ ಹಾಲು ಬೆರೆತಂತೆ ಬೆಳ್ಳಗಾಗುತ್ತದೆ. ಅಂಗಡಿಯ ನೀರು ತುಸು ಮಬ್ಬಾಯಿತು. ನಮ್ಮ ಲ್ಯಾಬಿನಲ್ಲೇ ಕುದಿಸಿ, ಆವಿ ತಣಿಸಿ ಇಳಿಸಿದ ನೀರು ಮಾತ್ರ ತಿಳಿಯಾಗಿ ಉಳಿಯಿತು. ಅದರ ಟಿಡಿಎಸ್ 1. ಬ್ಯಾಟರಿಗೆ ಇಷ್ಟೊಂದು ಶುದ್ಧತೆ ಏಕೆಂಬ ಅನುಮಾನ ನನಗೆ ಬರಬೇಕಿತ್ತು. ಮೇಷ್ಟ್ರ ಶಿಸ್ತು ಹೀಗೇ ಅಲ್ಲವೇ ಎಂದುಕೊಂಡೆ. ಅವರು ಕೇಳಿದಂತೆ ಆ ನೀರಿನ ವರದಿಯಲ್ಲಿ “ಅತ್ಯಂತ ಶುದ್ಧ” ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿದೆ. ಅಲ್ಲಿಂದ ಒಂದು ವರ್ಷದ ಮೇಲೂ ಹದಿನೈದು ದಿನಕ್ಕೊಮ್ಮೆ ಬಂದು ಐದು ಲೀಟರಿನ ಕ್ಯಾನು ತುಂಬಿಸಿಕೊಂಡು ಹೋದರು. ಪ್ರತಿ ಸಲವೂ ನಾನೇ ತುಂಬಿಕೊಟ್ಟೆ.

ನನ್ನ ಅಕ್ಕ ಗಿರಿಜಕ್ಕನನ್ನು ರಾವಂದೂರು ಕಡೆಯ ಹಾರನಹಳ್ಳಿಗೆ ಕೊಟ್ಟಿದೆ. ಬಹಳ ದಿನದ ನಂತರ ಅವಳನ್ನು ನೋಡಲು ಹೋದೆ. ಎಡಗಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಮುಖ ಬೂದಿ ಬಳಿದಂತೆ. ಉಗುರಿನ ಬುಡ ನೀಲಿಗಟ್ಟಿತ್ತು. ನಕ್ಕಾಗ ಒಸಡೂ ಅದೇ ಬಣ್ಣ. ಸಿಲ್ವರ್ ನೈಟ್ರೇಟ್ ಬೆಳ್ಳಿಯ ಲವಣ; ಅದು ತಾಗಿ ನನ್ನ ಬೆರಳುಗಳೆಷ್ಟೋ ಸಲ ಕಪ್ಪಾಗಿವೆ. ಇದೂ ಬೆಳ್ಳಿಯದೇ ಕಲೆ ಎನ್ನಿಸಿತು.

“ಏನು ಕುಡೀತಾ ಇದ್ದೀಯಕ್ಕ?”

“ಬೆಳ್ಳಿ ನೀರು ಕಣೇ. ಮೇಷ್ಟ್ರು ಕೊಡ್ತಾರೆ. ಸುಗರ್ರೂ ವಾಸಿ ಆಯ್ತದೆ ಅಂದ್ರು. ಮಾತ್ರೆ ಬುಟ್ಟು ಐದು ತಿಂಗ್ಳಾಯ್ತು.”

ಒಳಗಿನಿಂದ ಬಾಟಲಿ ತರಿಸಿದಳು. ಅದರ ಮೇಲೆ ನನ್ನ ವರದಿಯ ಜೆರಾಕ್ಸ್ ಅಂಟಿಸಿತ್ತು.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ನಿನ್ನ ಸೈನೇ ಐತಲ್ಲ. ಇನ್ನೇನು ಕೇಳಾದು?”

ಕಾಲಿನ ಬಟ್ಟೆ ಬಿಚ್ಚಿದೆ. ಹೆಬ್ಬೆರಳು ಕೊಳೆಯತೊಡಗಿತ್ತು. ಅಂದೇ ಮೈಸೂರಿಗೆ ಕರೆದುಕೊಂಡು ಹೋದೆ. ಬೆರಳು ತೆಗೆಯಬೇಕಾಯಿತು. ಬೆಳ್ಳಿ ಚರ್ಮದೊಳಗೆ ಕೂತಿದೆ, ಈ ಬಣ್ಣ ಇನ್ನು ಹೋಗುವುದಿಲ್ಲ ಎಂದರು ಡಾಕ್ಟರು.

ಮೂರನೆಯ ದಿನ ರಾವಂದೂರಿಗೆ ಹೋದೆ. ಮೇಷ್ಟ್ರ ಮೇಜಿನ ಮೇಲೆ ಎರಡು ಬೆಳ್ಳಿ ತಂತಿ, ಸಣ್ಣ ಬ್ಯಾಟರಿಗಳು, ಗಾಜಿನ ಲೋಟ, ಪಕ್ಕದಲ್ಲಿ ನಾನು ತುಂಬಿಕೊಟ್ಟ ಕ್ಯಾನು. ತಂತಿಗಳನ್ನು ಆ ನೀರಿನಲ್ಲಿ ಅದ್ದಿ, ಬ್ಯಾಟರಿಯಿಂದ ಕರೆಂಟು ಹರಿಸಿ ಬೆಳ್ಳಿಯನ್ನು ನೀರಿಗೆ ಇಳಿಸುತ್ತಿದ್ದರು. ಕಿಟಕಿಯ ಬೆಳಕಿನಲ್ಲಿ ಅವರ ಮುಖವೂ ಬೂದಿ ಬಣ್ಣಕ್ಕೆ ತಿರುಗಿದ್ದು ಕಂಡಿತು. ಅಷ್ಟು ದಿನ ಅದನ್ನು ವಯಸ್ಸಿನ ಲಕ್ಷಣವೆಂದುಕೊಂಡಿದ್ದೆ.

“ಬ್ಯಾಟ್ರಿಗೆ ಅಂದಿದ್ರಲ್ಲ ಸರ್?”

“ನಿಜ ಹೇಳಿದ್ರೆ ಕೊಡ್ತಿದ್ದೆಯಾ?”

“ಇಲ್ಲ.”

“ಅದಕ್ಕೇ ಹೇಳ್ಲಿಲ್ಲ. ನೀರಲ್ಲಿ ಉಪ್ಪಿದ್ರೆ ತಾನೇ ಬೆಳ್ಳಿ ಕೆಟ್ಟು ಮೈಗೆ ತೊಂದ್ರೆ ಆಗೋದು? ಅತ್ಯಂತ ಶುದ್ಧ ಅಂತ ನೀನೇ ಬರ್ದಿದ್ದೀಯ.”

“ನೀರು ಶುದ್ಧ ಅಂತ ಬರ್ದೆ. ನೀವು ಅದರಲ್ಲಿ ಬಿಟ್ಟಿದ್ದನ್ನ ಯಾರು ಪರೀಕ್ಷೆ ಮಾಡಿದ್ರು? ನಮ್ಮಕ್ಕನ ಬೆರಳು ಹೋಯ್ತು ಸರ್.”

ಅವರು ಹಣಕ್ಕಾಗಿ ಮಾಡಿದವರಲ್ಲ; ಯಾರ ಹತ್ತಿರವೂ ಕಾಸು ಮುಟ್ಟಿರಲಿಲ್ಲ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ನಂಬಿ, ತಾವೂ ಕುಡಿದು, ಹಂಚಿದ್ದರು. ಆದರೆ ನನಗೆ ಸುಳ್ಳು ಹೇಳುವಾಗ ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ನನ್ನ ಮನಸ್ಸು ಇಂದಿಗೂ ಒಪ್ಪುವುದಿಲ್ಲ. ನನ್ನನ್ನು ಬೆಳೆಸಿದ ಕೈಯೇ ನನ್ನ ಸಹಿಯನ್ನು ಕದ್ದಿತ್ತು.

ಅವರು ನೀರು ಕೊಡುತ್ತಿದ್ದದ್ದು ಹನ್ನೊಂದು ಮನೆಗೆ. ಹೆಸರು ಬರೆಸಿಕೊಂಡು ಒಂದೊಂದು ಮನೆಗೂ ಹೋಗಿ, ಇದು ಔಷಧಿಯಲ್ಲ, ನಿಲ್ಲಿಸಿ, ಬಿಟ್ಟ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ ಎಂದು ಹೇಳಿ ಬಂದೆ. ಎರಡು ಮನೆಯವರು ನನ್ನ ಮುಖಕ್ಕೇ ಬಾಗಿಲು ಹಾಕಿದರು.

ಅಕ್ಕ ಈಗ ಮದುವೆ ಮನೆಗಳಿಗೆ ಹೋಗುವುದಿಲ್ಲ. ಹೋದ ತಿಂಗಳು ಮೇಷ್ಟ್ರು ಅವಳನ್ನು ನೋಡಲು ಬಂದಾಗ ಕಾಫಿ ಮಾಡಿಕೊಟ್ಟಳಂತೆ. ನನಗೆ ಸಿಟ್ಟು ಬಂತು.

“ಅವರಿಗೆ ಕಾಫಿ ಬೇರೆ ಕೊಟ್ಟೆಯಾ?”

“ಅವ್ರಿಗೆ ತಿಳೀಲಿಲ್ಲ, ಮಾಡುದ್ರು ಬುಡು,” ಎಂದಳು. “ನೀನು ತಿಳುದೋಳು. ವರ್ಷಗಟ್ಲೆ ನೀರು ತುಂಬ್ಕೊಟ್ಟೆ. ಒಂದ್ಸಲನಾದ್ರೂ ಅವ್ರ ಮಕ ನೋಡ್ನಿಲ್ವ?”

ಮೂವತ್ತು ವರ್ಷ ನೀರನ್ನು ಅಳೆದವಳು ನಾನು. ನೀರು ಎಷ್ಟು ಶುದ್ಧ ಎಂಬುದನ್ನು ಮೀಟರು ಹೇಳುತ್ತದೆ; ಅದು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ನಾನೇ ಕೇಳಬೇಕು. ಎದುರಿಗೆ ನಿಂತವರು ಗುರುಗಳೇ ಆಗಿದ್ದರೂ ಕೇಳಬೇಕು ಎಂಬುದನ್ನು ನಾನು ಕಲಿಯುವಷ್ಟರಲ್ಲಿ ನನ್ನಕ್ಕ ಬೆರಳನ್ನೂ ಮುಖದ ಬಣ್ಣವನ್ನೂ ಕಳೆದುಕೊಂಡಿದ್ದಳು.