ಸಿಪ್ಪೆ ಸುಲಿಯದ ಕಿತ್ತಳೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಯೆಹೂದಿ. ಅವರ ಪ್ರಾರ್ಥನಾ ಮಂದಿರದವರು ಪ್ರವಾಸ ಹೋಗಿದ್ದ ಬಸ್ಸು ಉರುಳಿ ಕೆಲವರು ತೀರಿಕೊಂಡರು. ಅವರಲ್ಲಿ ಅಜ್ಜಿಯ ತಂಗಿಯೂ ಒಬ್ಬರು. ಅಜ್ಜಿ ಏನೂ ತಿನ್ನುತ್ತಿಲ್ಲವೆಂದು ಕೇಳಿ ಪೊಂಗಲ್ ಮಾಡಿಕೊಂಡು ಹೋದೆ. ಮನೆ ತುಂಬ ಮಂದಿರದ ಜನ. ಅವರಲ್ಲಿ ಸೂತಕದವರು ಕೂರುವ ತಗ್ಗು ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, "ಬೇಜಾರು ಮಾಡ್ಕೋಬೇಡಮ್ಮ, ನಮ್ಮ ಶಾಸ್ತ್ರದ ಪ್ರಕಾರ ಮಾಡಿದ ಅಡುಗೆ ಬಿಟ್ಟು ಬೇರೆ ಅಡುಗೆ ನಾನು ತಿನ್ನೋ ಹಾಗಿಲ್ಲ" ಎಂದರು.

"ಬಿಡಿ, ನಮ್ಮಜ್ಜಿಯದೂ ಇದೇ ಮಡಿ" ಎಂದು ಮನೆಗೆ ಓಡಿ, ಸಿಪ್ಪೆ ಸುಲಿಯದ ಕಿತ್ತಳೆ ತಂದೆ. "ಇದಾಗುತ್ತಾ?"

"ಆಗುತ್ತೆ, ಇಡೀ ಹಣ್ಣಿಗೆ ಅಡ್ಡಿಯಿಲ್ಲ."

ತಾವೇ ಕೈಯಲ್ಲಿ ಸುಲಿದು ಒಂದು ತೊಳೆ ಬಾಯಿಗಿಟ್ಟರು. ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚಿ, "ನಾಳೆ ಇನ್ನಷ್ಟು ತಾ, ಇವರೆಲ್ಲ ನನ್ನದನ್ನೇ ಮುಗಿಸಿದರು" ಎಂದರು. ನಾಳೆಯ ಮಾತು ಆಡಿದರಲ್ಲ, ಆ ದೇವರಿಗೆ ಕೈಮುಗಿದೆ.