ಬ್ಯಾಸರ ಎಂಬ ಕಾರಣ

ಸುಮ್ಮನೆ ಕೂಡುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಒಲೆಯ ಮೇಲೆ ಹಾಲಿಟ್ಟರೆ ಅದು ಉಕ್ಕುವ ತನಕ ನಿಂತು ಕಾಯಲಾರೆ. ಅಷ್ಟರೊಳಗೆ ಅಂಗಳವನ್ನಾದರೂ ಗುಡಿಸಿ ಬರೋಣವೆಂದು ಹೋಗುತ್ತೇನೆ. ಹಾಲು ತನ್ನ ಪಾಡಿಗೆ ತಾನು ಒಲೆ ಸಾರಿಸಿರುತ್ತದೆ. ರಂಗಂಪೇಟೆಯ ನಮ್ಮ ಮನೆಯ ಪಾಲಿಗೆ ಬಂದ ಆ ವಿದ್ಯೆಯನ್ನೆಲ್ಲ ನನ್ನ ಗಂಡನೇ ಕಲಿತುಬಿಟ್ಟಿದ್ದಾರೆ. ಅವರು ಸಾಲಿ ಮಾಸ್ತರರು. ಸಂಜೆ ಬಂದು ಕಟ್ಟೆಯ ಮೇಲೆ ಕೂತರೆ ಓದುವುದಿಲ್ಲ, ಮಾತಾಡುವುದಿಲ್ಲ, ಯೋಚನೆಯನ್ನೂ ಮಾಡುತ್ತಿರುವುದಿಲ್ಲ ಎಂದು ನನ್ನ ಗುಮಾನಿ.

"ಏನ್ ಮಾಡ್ಲಾಕತ್ತೀರಿ?" ಎಂದು ಕೇಳಿದರೆ, "ಕುಂತೀನಿ" ಎನ್ನುತ್ತಾರೆ. ಅದೂ ಒಂದು ಕೆಲಸ, ಅದನ್ನು ನಡುವೆ ಕೆಡಿಸಬಾರದು ಎಂಬ ದನಿಯಲ್ಲಿ.

ದೇವರು ದೊಡ್ಡವನು, ನನ್ನ ಈ ಚಡಪಡಿಕೆಗೂ ಒಂದು ನೌಕರಿ ಇಟ್ಟಿದ್ದ. ಶಹಾಪುರದ ಹತ್ತಿರ ಒಂದು ಜಿನ್ನಿಂಗ್ ಮಿಲ್ಲಿದೆ. ಹೊಲದಿಂದ ಬಂದ ಹತ್ತಿಯ ಕಾಳು ಬಿಡಿಸಿ, ಅರಳೆಯನ್ನು ಒತ್ತಿ ಬೇಲು ಕಟ್ಟಿ ಕಳಿಸುವ ಕಾರ್ಖಾನೆ. ಅಲ್ಲಿಯ ಕಂಪ್ಯೂಟರುಗಳೆಲ್ಲ ನನ್ನ ಸುಪರ್ದಿಯಲ್ಲಿ. ನಾನು ಹುಟ್ಟಿದ ಊರು ಬಳಿಚಕ್ರದಲ್ಲಿ ಮುಗಿಲು ನೋಡಿಯೇ ಬಿತ್ತುವುದು. ಕೆನಾಲು ಎಂಬುದನ್ನು ಕಂಡದ್ದು ಮದುವೆಯಾಗಿ ಈ ಕಡೆ ಬಂದ ಮೇಲೆ. ನೀರಿನ ಹಿಂದೆ ಹತ್ತಿ ಬಂತು, ಹತ್ತಿಯ ಹಿಂದೆ ಮಿಲ್ಲು, ಮಿಲ್ಲಿನ ಹಿಂದೆ ಲೆಕ್ಕ, ಲೆಕ್ಕದ ಹಿಂದೆ ಕಂಪ್ಯೂಟರು, ಕಂಪ್ಯೂಟರಿನ ಹಿಂದೆ ನಾನು. ಕೆನಾಲಿನ ಕೊನೆಯ ಕಾಲುವೆಗೆ ಕೊನೆಯಲ್ಲಿ ನೀರು ಮುಟ್ಟಿದಂತೆ.

ಬೇರೆ ಊರಿನ ಕಂಪ್ಯೂಟರುಗಳಿಗೆ ವೈರಸ್ಸು ಹತ್ತುತ್ತದಂತೆ. ನಮ್ಮವಕ್ಕೆ ಹತ್ತಿಯೇ ಹತ್ತುತ್ತದೆ. ಫ್ಯಾನಿನೊಳಗೆ ಅರಳೆ, ಕೀಲಿಮಣೆಯ ಸಂದಿಯಲ್ಲಿ ಅರಳೆ, ಪ್ರಿಂಟರಿನ ಬಾಯಲ್ಲಿ ಅರಳೆ. ನಾನು ಕುಂಚ ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತೇನೆ. ಎಲ್ಲ ಸರಿಯಾಗಿ ನಡೆದ ದಿನ "ಈ ಬಾಯಾರು ಏನ್ ಕೆಲ್ಸ ಮಾಡ್ತಾರ?" ಎಂದು ಮಂದಿ ಕೇಳುತ್ತಾರೆ. ಬಾಯಾರು ಎಂದರೆ ಮೇಡಮ್ಮು, ಅದು ನಾನು. ಏನಾದರೂ ನಿಂತ ದಿನವೂ ಅದನ್ನೇ ಕೇಳುತ್ತಾರೆ, ದನಿ ಮಾತ್ರ ಏರಿರುತ್ತದೆ.

ಒಂದು ವರ್ಷ ನಮ್ಮ ಸಾವ್ಕಾರ್ರು, ಎಂದರೆ ಮಿಲ್ಲಿನ ಮಾಲೀಕರು, ಯಾವುದೋ ದೊಡ್ಡ ಊರಿನ ಯಂತ್ರಗಳ ಪ್ರದರ್ಶನಕ್ಕೆ ಹೋಗಿ ಹೊಸ ಹುಚ್ಚು ಹಿಡಿಸಿಕೊಂಡು ಬಂದರು. ಪ್ರತಿ ಜಿನ್ನಿಗೂ, ಎಂದರೆ ಕಾಳು ಬಿಡಿಸುವ ಯಂತ್ರಕ್ಕೂ, ಒಂದು ಸಣ್ಣ ಡಬ್ಬಿ ಹಚ್ಚುವುದು. ಯಂತ್ರ ನಡೆಯುತ್ತಿದ್ದರೆ ಪರದೆಯ ಮೇಲೆ ಹಸಿರು, ನಿಂತರೆ ಕೆಂಪು. ನಿಂತಾಗ ಅಲ್ಲಿ ಹತ್ತಿ ಉಣಿಸುವ ಹೆಂಗಸು ಡಬ್ಬಿಯ ಮೇಲಿನ ಗುಂಡಿ ಒತ್ತಿ ಕಾರಣ ತಿಳಿಸಬೇಕು: ಕರೆಂಟು ಹೋಗಿದೆ, ಬೆಲ್ಟು ಹರಿದಿದೆ, ಹತ್ತಿ ಬಂದಿಲ್ಲ, ರಿಪೇರಿ ಇದೆ, ಸ್ವಚ್ಛ ಮಾಡುತ್ತಿದ್ದೇವೆ. ಸಾವ್ಕಾರ್ರು ಎಲ್ಲಿದ್ದರೂ ಇದೆಲ್ಲ ಅವರ ಫೋನಿನಲ್ಲಿ ಕಾಣಬೇಕು.

"ನಿಂತ ಮಶೀನು ನಿಂತ ನೀರಿದ್ದಂಗ ನೋಡ್ರಿ ಬಾಯಾರ," ಎಂದರು. "ಹುಳ ಬೀಳ್ತಾವ."

ನನಗಂತೂ ಹಬ್ಬ. ತಂತಿ ಎಳೆಸಿದೆ, ಡಬ್ಬಿ ಕೂಡಿಸಿದೆ, ಹೆಂಗಸರಿಗೆಲ್ಲ ಗುಂಡಿ ಒತ್ತುವುದನ್ನು ಕಲಿಸಿದೆ. ಗಳಿಗೆಗೊಮ್ಮೆ ಬಣ್ಣ ಬದಲಿಸುವ ಪರದೆ ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಅದನ್ನು ನೋಡುತ್ತ ಕೂತರೆ ಕೂತಂತೆಯೂ ಅಲ್ಲ, ಎದ್ದಂತೆಯೂ ಅಲ್ಲ.

ಸುಖ ಬಹಳ ದಿನ ನಿಲ್ಲಲಿಲ್ಲ. ಸಾಲಿನ ಕೊನೆಯಲ್ಲಿ, ಕಿಟಕಿಯ ಪಕ್ಕದ ಯಂತ್ರ ದಿನಕ್ಕೆ ಹಲವು ಸಲ ಕೆಂಪಾಗತೊಡಗಿತು. ಸ್ವಲ್ಪ ಹೊತ್ತು ಕೆಂಪು, ಮತ್ತೆ ಹಸಿರು. ಕಾರಣದ ಜಾಗ ಖಾಲಿ. ಬೆಲ್ಟು ಸರಿಯಿತ್ತು, ಕರೆಂಟು ಇತ್ತು. ಯಂತ್ರ ರಿಪೇರಿ ಮಾಡುವ ಫಿಟರನನ್ನು ಕೇಳಿದರೆ, "ಮಶೀನು ಕುದುರಿ ಇದ್ದಂಗ ಅದ್ರಿ, ನಿಮ್ಮ ಡಬ್ಬಿನೇ ಕೆಟ್ಟಿರಬೇಕು" ಎಂದ. ನಾನು ಡಬ್ಬಿ ಬದಲಿಸಿದೆ, ತಂತಿ ಬದಲಿಸಿದೆ, ಆ ಡಬ್ಬಿಯನ್ನು ಪಕ್ಕದ ಯಂತ್ರಕ್ಕೆ ಹಚ್ಚಿ ಪಕ್ಕದ್ದನ್ನು ಇದಕ್ಕೆ ಹಚ್ಚಿದೆ. ಡಬ್ಬಿ ಯಾವುದಾದರೂ ಇರಲಿ, ಕೆಂಪಾಗುವುದು ಕಿಟಕಿಯ ಪಕ್ಕದ್ದೇ. ಅತ್ತ ಸಾವ್ಕಾರ್ರ ಫೋನು: "ಆ ಕಡಿ ಮಶೀನಿಂದು ಏನದರೀ ತಕರಾರು?" ಉಣ್ಣುವಾಗಲೂ ಅದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಗಂಡನ ಮುಂದೆ ಎಲ್ಲ ತೋಡಿಕೊಂಡೆ. ಅವರು ರೊಟ್ಟಿ ಮುರಿಯುತ್ತ, "ಅಲ್ಲಿ ಕೆಲ್ಸ ಮಾಡೋ ಹೆಣ್ಮಗಳು ಏನಂತಾಳ?" ಎಂದರು.

ನಾನು ಆಕೆಯನ್ನು ಕೇಳಿಯೇ ಇರಲಿಲ್ಲ. ಕಂಪ್ಯೂಟರಿನವರಿಗೆ ಎಲ್ಲಿ ಏನು ಕೆಟ್ಟರೂ ಮೊದಲು ತಂತಿಯ ಮೇಲೇ ಅನುಮಾನ.

ಆಕೆಯ ಹೆಸರು ಭೀಮಬಾಯಿ. ವನದುರ್ಗದ ಕಡೆಯಿಂದ ದಿನಾ ಟಂಟಂ ಆಟೋದಲ್ಲಿ ಬರುವವಳು, ನನ್ನದೇ ವಯಸ್ಸಿನವಳು. ಮರುದಿನ ನಾನು ಹೋದಾಗ ಯಂತ್ರ ನಿಂತೇ ಇತ್ತು. ತಲೆಯ ಸೆರಗಿನ ಮೇಲೆಲ್ಲ ಅರಳೆ ಮೆತ್ತಿಕೊಂಡು ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಉಳಿದ ಜಿನ್ನುಗಳ ಅಬ್ಬರದಲ್ಲಿ ನನ್ನ ಮಾತು ನನಗೇ ಕೇಳುವಂತಿರಲಿಲ್ಲ. ಆಕೆಯ ಕಿವಿಗೆ ಬಾಯಿ ಹಚ್ಚಿ ಕೂಗಿದೆ.

"ಮಶೀನು ಯಾಕ ನಿಂತದ?"

"ನಾನೇ ನಿಂದ್ರಿಸೀನ್ರಿ ಅಕ್ಕಾರ."

"ಯಾಕ?"

"ಬ್ಯಾಸರಾತು."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. "ದಣಿವಾಗ್ಯದೇನು?" ಎಂದು ಮತ್ತೆ ಕೂಗಿದೆ.

"ದಣಿವಲ್ರಿ. ದಣದ್ರ ಮನಿಗಿ ಹೋಗಿ ಮಲಗ್ತೀನಿ, ಹೋಗ್ತದ. ಇದು ಬ್ಯಾಸರ. ಅದು ಬಡಬಡ ಅಂತ ಬಡಕೊಂತಿರ್ತದ, ನಾ ಹತ್ತಿ ತುರುಕ್ತಿರ್ತೀನಿ. ಹಂಗೇ ಹೊಂಟ್ರ ಒಂದು ಹೊತ್ತಿಗಿ ನಾ ಅದನ್ನ ನಡಸ್ತೀನೋ ಅದು ನನ್ನ ನಡಸ್ತದೋ ತಿಳಿಯಂಗಿಲ್ಲ. ಆವಾಗ ಬಂದ್ ಮಾಡಿ ಜರಾ ಹೊರಗ ನೋಡ್ತೀನಿ. ಮತ್ತ ಚಾಲೂ ಮಾಡ್ತೀನಿ."

"ಮತ್ತ ಗುಂಡಿ ಯಾಕ ಒತ್ತಂಗಿಲ್ಲ?"

"ಯಾವ್ದು ಒತ್ತಲ್ರಿ? ಕರೆಂಟ್ ಹೋಗ್ಯದ ಅಂದ್ರ ಸುಳ್ಳಾಗ್ತದ. ಬೆಲ್ಟ್ ಹರದದ ಅಂದ್ರ ಪಾಪ, ಫಿಟರ್ ಓಡಿ ಬರ್ತಾನ. ನಂದು ಅದ್ರಾಗ ಇಲ್ಲ."

ಇಷ್ಟು ಹೇಳಿ ಸ್ವಿಚ್ಚು ಹಾಕಿ ಕೆಲಸಕ್ಕೆ ನಿಂತಳು.

ನಾನು ಕೋಣೆಗೆ ಬಂದು ಪರದೆಯ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ. ನಮ್ಮ ಸೀಮೆಗೆ ಶಬ್ದಗಳ ಬಡತನವಿಲ್ಲ. ನಿಜಾಮನ ಕಾಲದಿಂದ ಉರ್ದುವಿನ ಕಣಜವೇ ಇಲ್ಲಿದೆ. ಮೈ ಸೋತರೆ ಸುಸ್ತು. ಕಚೇರಿಗೆ ಅಲೆದಲೆದು ಬಂದರೆ ಹೈರಾಣ. ಹಲ್ಲುನೋವು ತಕಲೀಫು. ಬೀಗರು ಮದುವೆಯಲ್ಲಿ ಸರಿಯಾಗಿ ಮಾತಾಡಿಸದಿದ್ದರೆ ಬೇಜಾರು. ಇಷ್ಟೆಲ್ಲ ಇದ್ದೂ ಬ್ಯಾಸರದ ಜಾಗಕ್ಕೆ ಬ್ಯಾಸರವೇ ಬೇಕು. ಅದು ಯಾರ ಮೇಲೂ ಅಲ್ಲ, ಯಾವ ಅಂಗದ್ದೂ ಅಲ್ಲ. ನಮ್ಮ ಬಾಯಲ್ಲಿ ಬ್ಯಾಸಗಿಯೂ ಬ್ಯಾಸರವೂ ಅಕ್ಕತಂಗಿಯರಂತೆ ಕೇಳಿಸುತ್ತವೆ. ಅವುಗಳ ಹುಟ್ಟು ಒಂದೇ ಹೌದೋ ಅಲ್ಲವೋ ಪಂಡಿತರು ಹೇಳಬೇಕು. ಏಪ್ರಿಲ್ ತಿಂಗಳಲ್ಲಿ ನಮಗಂತೂ ಅನುಮಾನ ಇರುವುದಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು, ಅದು ಅಷ್ಟು ಹಿತವಾಗಿರಲಿಲ್ಲ. ನನ್ನದೂ ಇದೇ ಅಲ್ಲವೇ? ಗಳಿಗೆಗೊಮ್ಮೆ ಏಳುವುದು, ಕುಂಚ ಹಿಡಿದು ಓಡುವುದು, ಇಲ್ಲದ ನೆಪ ಮಾಡಿ ಗೇಟಿನ ತನಕ ಹೋಗಿ ಬರುವುದು. ಆದರೆ ನಾನು ಎದ್ದರೆ "ಬಾಯಾರು ರೌಂಡ್ ಹೊಂಟಾರ, ಭಾಳ ಚುರುಕು" ಎನ್ನುತ್ತಾರೆ. ಭೀಮಬಾಯಿ ಎರಡು ಹೆಜ್ಜೆ ಕಿಟಕಿಗೆ ಹೋದರೆ ಪರದೆ ಕೆಂಪಾಗುತ್ತದೆ. ಆ ಪರದೆಯನ್ನು ಹಾಗೆ ಮಾಡಿಟ್ಟವಳೂ ನಾನೇ.

ನನ್ನ ಕೈ ಯಾವತ್ತೂ ಬುದ್ಧಿಗಿಂತ ಮುಂದೆ. ಕಾರಣಗಳ ಸಾಲಿನ ಕೆಳಗೆ "ಬ್ಯಾಸರ" ಎಂದು ಇನ್ನೊಂದನ್ನು ಸೇರಿಸಿಬಿಟ್ಟೆ. ಪ್ರತಿ ಡಬ್ಬಿಯಲ್ಲೂ ಖಾಲಿ ಉಳಿದಿದ್ದ ಒಂದು ಗುಂಡಿಗೆ ಅದರ ಚೀಟಿ ಅಂಟಿಸಿ ಬಂದೆ.

ಮೊದಲು ಭೀಮಬಾಯಿ ಒಬ್ಬಳೇ ಒತ್ತುತ್ತಿದ್ದಳು. ಆಮೇಲೆ ಪಕ್ಕದವಳು ಒತ್ತಿದಳು. ಅಲ್ಲಿಯ ತನಕ ಉಳಿದವರಿಗೆ ಬ್ಯಾಸರ ಇರಲಿಲ್ಲವೆಂದಲ್ಲ, ಅದನ್ನು ಹೇಳಬಹುದು ಎಂದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ, ಊಟವಾದ ಮೇಲಿನ ಜಡ ಹೊತ್ತಿನಲ್ಲಿ, ಅರ್ಧ ಸಾಲು ಒಮ್ಮೆಲೇ ಕೆಂಪಾಯಿತು. ಎಲ್ಲದರ ಮುಂದೆಯೂ ಬ್ಯಾಸರ, ಬ್ಯಾಸರ, ಬ್ಯಾಸರ.

ಆ ಹೊತ್ತಿಗೆ ಸಾವ್ಕಾರ್ರು ಯಾದಗಿರಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿದ್ದರು. ಫೋನು ಕಿರುಗುಟ್ಟಿತೆಂದು ತೆಗೆದು ನೋಡಿದರೆ ಇದು. ಪಕ್ಕದಲ್ಲಿ ಉಣ್ಣುತ್ತಿದ್ದ ಇನ್ನೊಬ್ಬ ಮಿಲ್ಲಿನವರು ಬಗ್ಗಿ ಓದಿ, "ಏನ್ರಿ ಸಾವ್ಕಾರ್ರ, ನಿಮ್ಮ ಮಿಲ್ಲಿಗೇ ಬ್ಯಾಸರ ಬಂದದಲ್ರೀ!" ಎಂದರಂತೆ. ಪಂಕ್ತಿಯೆಲ್ಲ ನಕ್ಕಿತಂತೆ. ಸಾವ್ಕಾರ್ರು ಅನ್ನಕ್ಕೆ ಕಾಯದೆ ಎದ್ದು ಬಂದರು.

ಭೀಮಬಾಯಿಯನ್ನೂ ನನ್ನನ್ನೂ ಕರೆಸಿದರು. ಕೋಣೆಯಲ್ಲಿ ಖುರ್ಚಿಗಳಿದ್ದವು, ಯಾರೂ ಕೂಡಲಿಲ್ಲ.

"ಕಾಯಕದಾಗ ಬ್ಯಾಸರ ಅಂತ ಇರ್ತದೇನು?" ಎಂದು ನನ್ನನ್ನು ಕೇಳಿದರು. ಉತ್ತರಕ್ಕೆ ಕಾಯದೆ, "ನಾಳಿಂದ ಬರಬ್ಯಾಡ ಅಂತ ಹೇಳ್ರಿ ಈಕಿಗಿ. ಈಕಿನೇ ಶುರು ಮಾಡ್ಯಾಳ" ಎಂದರು.

ನನ್ನ ಬಾಯಿಂದ ಮಾತು ಹೊರಬಿತ್ತು. "ಆ ಗುಂಡಿ ಮಾಡಿದಾಕಿ ನಾನ್ರಿ. ಆಕಿ ಖರೇ ಇದ್ದದ್ದು ಒತ್ಯಾಳ. ಖರೇ ಹೇಳಿದಾಕಿನ್ನ ತೆಗದ್ರ ನಾಳಿಂದ ಎಲ್ಲಾರೂ ಕರೆಂಟ್ ಹೋಗ್ಯದ ಅಂತ ಒತ್ತತಾರ. ನೀವು ಯಾದಗಿರಿಯಾಗ ಕುಂತು ಸುಳ್ಳು ನೋಡ್ತೀರಿ. ಸುಳ್ಳು ನೋಡ್ಲಾಕ ಇಷ್ಟೆಲ್ಲಾ ಡಬ್ಬಿ ಯಾಕ ಬೇಕ್ರಿ? ತೆಗಿಯೂದಿದ್ರ ನನ್ನೂ ತೆಗೀರಿ."

ಕೊನೆಯ ಮಾತು ಬೇಕಾಗಿರಲಿಲ್ಲ. ಆಡಿದ ಮೇಲೆ ಮನೆಯ ಸಾಲದ ಕಂತು, ಮಗಳ ಕಾಲೇಜು, ಎಲ್ಲ ನೆನಪಾದವು. ಸಾವ್ಕಾರ್ರು ಭೀಮಬಾಯಿಯ ಕಡೆ ತಿರುಗಿದರು.

"ನಿಂದೇನು?"

ಆಕೆ ಸೆರಗಿನ ಅರಳೆ ಕೀಳುತ್ತ ನಿಂತಿದ್ದಳು. "ತೆಗಿತೀರಂದ್ರ ತೆಗೀರಿ ಯಪ್ಪಾ. ಆದ್ರ ಅದಕ್ಕ ಕಾರಣ ಏನಂತ ಒತ್ತತೀರಿ?"

ಸಾವ್ಕಾರ್ರು ಸಿಟ್ಟಿಗೇಳುತ್ತಾರೋ ನಗುತ್ತಾರೋ ತಿಳಿಯಲಿಲ್ಲ. ಅವರು ಎರಡನ್ನೂ ಮಾಡಲಿಲ್ಲ. ಖುರ್ಚಿ ಎಳೆದು ಕೂತರು, ಕನ್ನಡಕ ತೆಗೆದು ಒರೆಸಿದರು, ಮೇಜಿನ ಮೇಲಿದ್ದ ಹತ್ತಿಯ ಎಳೆಯೊಂದನ್ನು ಊದಿದರು.

"ಹೋಗ್ರಿ," ಎಂದರು. "ಇಬ್ರೂ ಹೋಗ್ರಿ ಕೆಲ್ಸಕ್ಕ."

ಕೆಲಸಕ್ಕೆ ಎಂಬ ಆ ಒಂದು ಮಾತನ್ನು ನಾನು ಹೊರಗೆ ಬಂದ ಮೇಲೆ ಮೂರು ಸಲ ಮನಸ್ಸಿನಲ್ಲಿ ಹೇಳಿಕೊಂಡೆ. ಭೀಮಬಾಯಿ ಆಗಲೇ ಅರ್ಧ ದಾರಿ ಹೋಗಿದ್ದಳು.

ವಾರ ಕಳೆಯುವುದರೊಳಗೆ ಹೊಸ ಹುಕುಂ ಬಂತು. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಚಹಾ ಕುಡಿಯುವಷ್ಟು ಹೊತ್ತು ಎಲ್ಲ ಜಿನ್ನುಗಳನ್ನೂ ನಿಲ್ಲಿಸಬೇಕು. "ಮಶೀನು ಕಾಯ್ತಾವ, ತಣ್ಣಗಾಗ್ಬೇಕು" ಎಂದು ಸಾವ್ಕಾರ್ರು ಕಾರಣ ಕೊಟ್ಟರು. ಯಂತ್ರಗಳೇನೂ ಕಾದಿರಲಿಲ್ಲ. ಫಿಟರ್ ಬಾಯಿ ತೆರೆದ, ನಾನು ಕಣ್ಣಲ್ಲೇ ಮುಚ್ಚಿಸಿದೆ. ನನ್ನ ಗುಂಡಿಯನ್ನು ತೆಗೆಸಿ, ಅದರ ಜಾಗದಲ್ಲಿ "ಯಂತ್ರ ವಿಶ್ರಾಂತಿ" ಎಂದು ಹಾಕಿಸಿದರು. ದೊಡ್ಡವರ ಮರ್ಯಾದೆಗೂ ಒಂದು ಗುಂಡಿ ಬೇಕಲ್ಲ, ಹಾಕಿಕೊಟ್ಟೆ. ಹೆಂಗಸರಿಗೆ ವಿಶ್ರಾಂತಿ ಸಿಕ್ಕರೆ ಅದು ಯಂತ್ರದ ಹೆಸರಿನಲ್ಲಿದ್ದರೇನು ಎಂದು ಒಮ್ಮೆ ಅನ್ನಿಸುತ್ತದೆ. ಅವರ ಹೆಸರಿನಲ್ಲೇ ಇರಬೇಕಿತ್ತು ಎಂದು ಇನ್ನೊಮ್ಮೆ ಅನ್ನಿಸುತ್ತದೆ. ಈ ಎರಡರ ನಡುವೆ ನಾನು ಇನ್ನೂ ಓಡಾಡುತ್ತಿದ್ದೇನೆ.

ಮೊದಲ ದಿನ ಸಾವ್ಕಾರ್ರು ತಾವೇ ನೋಡಲು ಬಂದರು. ಕೊನೆಯ ಜಿನ್ನೂ ನಿಂತಿತು. ಕರೆಂಟಿದ್ದೂ, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದೂ, ಹಗಲು ಹೊತ್ತಿನಲ್ಲಿ ಆ ಶೆಡ್ಡು ಸದ್ದಿಲ್ಲದೆ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಪಕ್ಕದವಳ ಕಿವಿಗೆ ಬಾಯಿ ಹಚ್ಚಿ ರೂಢಿಯಂತೆ "ನಿಮ್ಮನ್ಯಾಗ ಇವತ್ತ ಏನ್ ಪಲ್ಯಾ?" ಎಂದು ಕಿರುಚಿದಳು. ಅದು ತಗಡಿನ ಸೂರಿಗೆಲ್ಲ ಬಡಿದು ತಿರುಗಿ ಬಂತು. ಆಕೆ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಸಾಲೆಲ್ಲ ನಕ್ಕಿತು. ನಾನು ಗಡಿಬಿಡಿಯಲ್ಲಿ ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡೆ.

ಸಾವ್ಕಾರ್ರಿಗೂ ಅದೇ ರೂಢಿ. ಎದುರಿಗೇ ನಿಂತಿದ್ದ ಭೀಮಬಾಯಿಗೆ, ಕೆನಾಲಿನ ಆಚೆ ದಂಡೆಯಲ್ಲಿ ನಿಂತವರನ್ನು ಕರೆದಂತೆ, "ಚಾ ಕುಡಿಯವಾ!" ಎಂದು ಗುಡುಗಿದರು. ಸೂರಿನಡಿ ಇದ್ದ ಪಾರಿವಾಳಗಳೆಲ್ಲ ಪಟಪಟನೆ ಎದ್ದವು. ಈ ಸಲ ಯಾರಿಗೂ ನಗುವ ಧೈರ್ಯವಾಗಲಿಲ್ಲ.

ಸಾವ್ಕಾರ್ರು ಸುತ್ತ ನೋಡಿದರು. ಗಂಟಲು ಸರಿಪಡಿಸಿಕೊಂಡು, ಮನೆಯ ಪಡಸಾಲೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ, ಇನ್ನೊಮ್ಮೆ ಹೇಳಿದರು:

"ಚಾ ಕುಡಿಯವಾ."