ಶಿಕಾರಿಪುರದ ಕೀಲಿ, ಸೊರಬದ ಕೀಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೊರಬದ ಮೈದಾನದಲ್ಲಿ ವಸ್ತುಪ್ರದರ್ಶನಕ್ಕೆಂದು ಅರ್ಧ ಹೊದಿಸಿದ ಚಪ್ಪರ. ಅದರ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತ ಭಾರೀ ಯಂತ್ರಮಾನವನ ಮೊಣಕಾಲಿಗೆ ಉಚ್ಚಂಗಪ್ಪ ಕಿವಿಯಿಟ್ಟಿದ್ದಾರೆ. ಒಂದು ಕೈಯಲ್ಲಿ ಎಣ್ಣೆ ಬುಡ್ಡಿ, ಇನ್ನೊಂದು ಕೈ ಅದರ ಮೀನಖಂಡದ ಮೇಲೆ. ಕಾಲನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾರೆ, ಕೇಳುತ್ತಾರೆ, ಮುಖ ಗಂಟಿಕ್ಕುತ್ತಾರೆ, ಮತ್ತೆ ಆಡಿಸುತ್ತಾರೆ. ಇಬ್ಬನಿಯಲ್ಲಿ ಹೆಗಲ ಕಂಬಳಿ ತೊಯ್ದು ಭಾರವಾಗಿದೆ. ಅದರ ಪರಿವೆ ಅವರಿಗಿಲ್ಲ.

"ಸದ್ದು ಬಂದ್ರೆ ಒಳ್ಳೇದ್ರೀ, ಎಲ್ಲಿ ನೋವು ಅಂತ ತಿಳೀತತಿ. ಸದ್ದಿಲ್ದಂಗ ಸವೀತತಿ ನೋಡ್ರಿ, ಅದಕ್ಕೇ ಹೆದರಬೇಕು" ಎನ್ನುತ್ತಾರೆ, ಕಿವಿ ತೆಗೆಯದೆ.

ನಾಳೆ ಪ್ರದರ್ಶನ ಶುರು. ಬಾಗಿಲು ತೆರೆದಾಗ ಈ ಯಂತ್ರಮಾನವ ಎದ್ದು ನಿಲ್ಲಬೇಕು, ಬಲಗೈ ಎತ್ತಬೇಕು, ಬೆರಳು ಮಡಚಿ ಬಿಚ್ಚಿ ಜನರನ್ನು ಒಳಗೆ ಕರೆಯಬೇಕು. ಎದುರಿಗೆ ನೆಲದ ಮೇಲೆ ಮಕ್ಕಳು ಕೂತಿರುತ್ತಾರೆ. ಉಚ್ಚಂಗಪ್ಪನವರ ನಿದ್ದೆ ಕೆಡಿಸಿರುವುದು ಆ ಮಕ್ಕಳೇ.

ಶಿಕಾರಿಪುರದ ಪೇಟೆಯಲ್ಲಿ ಅವರನ್ನು ಕೇಳಿದರೆ "ಯಾರು, ಸ್ಟೌ ಉಚ್ಚಂಗಪ್ಪನಾ?" ಎನ್ನುತ್ತಾರೆ. ಪಂಪ್ ಸ್ಟೌ, ಪೆಟ್ರೋಮ್ಯಾಕ್ಸ್, ಕೊಡೆ, ಟಾರ್ಚು, ಮಡಚುವ ಮಂಚ, ಯಾವುದು ಕೆಟ್ಟರೂ ಅವರ ಜಗಲಿಗೆ ಬರುತ್ತದೆ. ದಿನಕ್ಕೆ ಎಂಟು ಹತ್ತು ಸ್ಟೌ. ಮಳೆಗಾಲ ಬಂತೆಂದರೆ ಕೊಡೆಗಳ ರಾಶಿ. ಹುಟ್ಟಿದ್ದು ಈಸೂರಿನ ಕಡೆಯ ಕುರಿ ಸಾಕುವ ಮನೆಯಲ್ಲಿ. ಕಾಲು ಮುರಿದ ಕುರಿಗೆ ಬಿದಿರು ದಬ್ಬೆ ಕಟ್ಟುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು, ಯಾವ ಸಂದು ಎತ್ತ ಬಾಗುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಕೈಯಲ್ಲೇ ಕಲಿತವರು. ಕುರಿ ಮಂದೆ ಅಣ್ಣಂದಿರ ಪಾಲಿಗೆ ಹೋಯಿತು. ಸಂದುಗಳ ಹುಚ್ಚು ಇವರ ಪಾಲಿಗೆ ಉಳಿಯಿತು.

ಕ್ಷೌರದಂಗಡಿಯಲ್ಲಿ ಬಿದ್ದಿದ್ದ ಹಳೆಯ ಪತ್ರಿಕೆಯೊಂದರಲ್ಲಿ ಯಾವುದೋ ದೇಶದ ಯಂತ್ರಮಾನವನ ಚಿತ್ರ ಕಂಡದ್ದೇ ನೆಪ. ಅರ್ಧ ಗಡ್ಡ ಹೆರೆಸಿಕೊಂಡು ಮನೆಗೆ ಓಡಿ ಬಂದರಂತೆ. ಹಾಗೆಂದು ಹೇಳಿ ನಗುವವರು ಅವರ ಹೆಂಡತಿ ವರದಮ್ಮ. ತವರು ಸೊರಬದ ಪಕ್ಕದ ಹಳ್ಳಿ. ತಗಡು ಕತ್ತರಿಸುವುದರಲ್ಲಿ ಗಂಡನಿಗಿಂತ ಕೈ ಚುರುಕು.

ಹೀಗೆ ಶುರುವಾದದ್ದು ಎರಡು ಬೇಸಿಗೆ ಕಳೆದು ಒಂದೂವರೆ ಆಳೆತ್ತರ ಬೆಳೆದಿದೆ. ಮುರಿದ ಸೈಕಲ್ಲಿನ ಕೊಳವೆ ಅದರ ಎಲುಬು, ಸೀಮೆಎಣ್ಣೆ ಡಬ್ಬಿಯ ತಗಡು ಚರ್ಮ, ಬ್ರೇಕಿನ ತಂತಿ ನರ. ಮೊಣಕೈಗೆ ಬಾಗಿಲ ಹಿಂಜು, ಭುಜಕ್ಕೆ ಸೈಕಲ್ಲಿನ ಬೇರಿಂಗ್ ಗುಂಡು. ಮಂಡಿಚಿಪ್ಪು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ. ಕಣ್ಣಿನ ಸುತ್ತ ಕೆಂಪು ಪ್ಲಾಸ್ಟಿಕ್ ಬಳೆ. ಬೆರಳುಗಳನ್ನಂತೂ ನೋಡಿಯೇ ತಿಳಿಯಬೇಕು: ಊರವರೆಲ್ಲ ಬಿಸಾಡಿದ ಪೆನ್ನುಗಳ ಟೊಪ್ಪಿಗೆ ಆಯ್ದು, ಒಂದೊಂದು ಬೆರಳಿಗೆ ಮೂರು ಮೂರು ಪೋಣಿಸಿದ್ದಾರೆ. ತಂತಿ ಎಳೆದರೆ ಬೆರಳು ಗೆಣ್ಣು ಗೆಣ್ಣಾಗಿ ಮಡಚುತ್ತದೆ. ಬೆನ್ನ ಹಿಂದೆ ಒಂದು ಪೆಟ್ಟಿಗೆ. ತಂತಿಗಳೂ ಎಬ್ಬಿಸಿ ನಿಲ್ಲಿಸುವ ಹಿಡಿಯೂ ಅದರೊಳಗಿವೆ. ಮಕ್ಕಳು ಕೈ ಹಾಕಬಾರದೆಂದು ಅದಕ್ಕೆ ಬೀಗ.

ಸೊರಬದ ಪ್ರದರ್ಶನದ ಉಸ್ತುವಾರಿ ಹೊತ್ತ ಮಹೇಶ್ವರಪ್ಪ ಅದನ್ನು ಜಗಲಿಯಲ್ಲಿ ಕಂಡವರೇ ತಮ್ಮ ಪ್ರದರ್ಶನದ ಬಾಗಿಲಿಗೆ ಬೇಕೇ ಬೇಕೆಂದು ಹಟ ಹಿಡಿದರು. ಬಿಡಿಬಿಡಿಯಾಗಿ ಕಳಚಿ, ಹುಲ್ಲು ಹಾಸಿ, ಕಂಬಳಿ ಹೊದಿಸಿ, ಸೊರಬದ ಕೆಂಪಪ್ಪನ ಎತ್ತಿನ ಗಾಡಿಯಲ್ಲಿ ತಂದರು. ಶಿರಾಳಕೊಪ್ಪದಲ್ಲಿ ಕಂಬಳಿಯಿಂದ ಪಾದ ಹೊರಬಿದ್ದದ್ದನ್ನು ಕಂಡು ಅಜ್ಜಿಯೊಬ್ಬಳು ಎದೆ ಹಿಡಿದುಕೊಂಡು "ಯಾರ ಹೆಣನಪ್ಪಾ?" ಎಂದಳಂತೆ. "ಹೆಣ ಅಲ್ಲಜ್ಜಿ, ಇದು ಇನ್ನೂ ಹುಟ್ಟೇ ಇಲ್ಲ" ಎಂದ ಕೆಂಪಪ್ಪ.

ನಗು ಅಲ್ಲಿಗೆ ಮುಗಿಯಿತು.

ಹೋದ ವಾರ ಇದೇ ಜಾಗದಲ್ಲಿ ಮೊದಲ ಪರೀಕ್ಷೆ. ಯಂತ್ರಮಾನವ ಎದ್ದು ನಿಂತಮೇಲೆ ಮೊಣಕಾಲು ಬಾಗದಂತೆ ಎರಡೂ ಕಡೆ ಒಂದೊಂದು ಕಬ್ಬಿಣದ ಗೂಟ ತೂರಿಸಬೇಕು. ಅದೇ ಕೀಲು. ತೂರಿಸಿ ನಿಲ್ಲಿಸಿಯಾಗಿತ್ತು. ಎಬ್ಬಿಸಿದ ಮೇಲೆ ಬೀಗ ಹಾಕಿದ್ದ ಹಿಂದಿನ ಪೆಟ್ಟಿಗೆಯನ್ನು ಕೈಯೆತ್ತಿಸಲು ಮತ್ತೆ ತೆರೆಯಬೇಕಿತ್ತು. ಎದುರಿಗೆ ನಿಂತು ಸಮ ನೋಡುತ್ತಿದ್ದ ಉಚ್ಚಂಗಪ್ಪ, ಹಿಂದಿದ್ದ ಕೆಂಪಪ್ಪನಿಗೆ "ಕೀಲಿ ತಗೀ ಕೆಂಪಣ್ಣ" ಎಂದು ಕೂಗಿದರು. ಶಿಕಾರಿಪುರದವರ ಬಾಯಲ್ಲಿ ಕೀಲಿ ಎಂದರೆ ಬೀಗ. ಸೊರಬದಲ್ಲಿ ಬೀಗಕ್ಕೆ ಬೀಗವೆಂದೇ ಹೆಸರು. ಗಾಡಿ ಹೊಡೆಯುವ ಕೆಂಪಪ್ಪನ ಕಿವಿಗೆ ಬಿದ್ದದ್ದು ಕೀಲು. ಬಗ್ಗಿದವನೇ ಮೊಣಕಾಲಿನ ಗೂಟ ಕಿತ್ತ.

ಯಂತ್ರಮಾನವ ಮುಂದಕ್ಕೆ ಮಂಡಿಯೂರಿ ಕುಸಿಯಿತು. ಎತ್ತಿದ ಹಾರೆಯ ಹಾಗೆ ಅದರ ಬಲಗೈ ನೆಲಕ್ಕೆ ಅಪ್ಪಳಿಸಿದ್ದು, ನೋಡಲು ಬಂದು ಮಂಡಕ್ಕಿ ತಿನ್ನುತ್ತ ಕೂತಿದ್ದ ಪುಟ್ಟ ಹುಡುಗಿಯೊಬ್ಬಳ ಮಗ್ಗುಲಲ್ಲೇ. ಕೂಸಿಗೆ ಒಂದು ಗೀರೂ ಆಗಲಿಲ್ಲ. ಅತ್ತದ್ದು ಕೂಡ ಮಂಡಕ್ಕಿ ಚೆಲ್ಲಿತೆಂದು. ಆದರೆ ಪೆನ್ನಿನ ಟೊಪ್ಪಿಗೆಯ ಆ ಬೆರಳುಗಳ ಸಂದಿಯಿಂದ ಮಂಡಕ್ಕಿಯ ಕಾಳು ಕೀಳುತ್ತ ಕೂತ ಉಚ್ಚಂಗಪ್ಪ ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ ಎನ್ನುತ್ತಾರೆ ವರದಮ್ಮ.

"ತಪ್ಪು ನಂದು ಮಾರಾಯ್ರೆ, ಒಂದ್ಸಲ ಕೇಳ್ಬೇಕಿತ್ತು" ಎಂದು ಕೆಂಪಪ್ಪ ಇವತ್ತಿಗೂ ಕೈ ಹಿಸುಕಿಕೊಳ್ಳುತ್ತಾನೆ. ಉಚ್ಚಂಗಪ್ಪ ಒಪ್ಪುವುದಿಲ್ಲ. "ಮಾತು ತಪ್ಪಿ ಕೇಳ್ಸತತಿ, ಯಾರಿಗೆ ಕೇಳ್ಸಿಲ್ಲ? ಬರೇ ಕೈಲೆ ಕೀಳಾಕೆ ಬರೋ ಕೀಲು ಹಾಕಿದ್ದು ನಾನು." ಈಗ ಗೂಟಕ್ಕೆ ತಿರುಪಿನ ಸುತ್ತು ಕೊರೆದು, ಎರಡು ನಟ್ಟು ಬಿಗಿದು, ತುದಿಗೆ ತಂತಿ ಸುತ್ತುವ ಹಾಗೆ ಮಾಡಿದ್ದಾರೆ. ಪಾದದೊಳಗೆ ಹಿಮ್ಮಡಿಯ ಕಡೆ ಕಬ್ಬಿಣದ ತುಂಡು ತುಂಬಿದ್ದಾರೆ, ಬಿದ್ದರೂ ಹಿಂದಕ್ಕೇ ಬೀಳಲಿ ಎಂದು. ಬೀಗವನ್ನು ಬೀಗ ಎಂದೇ ಕರೆಯುತ್ತಿದ್ದಾರೆ.

"ಇವರ ಬಾಯಲ್ಲಿ ನಮ್ಮೂರ ಮಾತು ಬರಬೇಕಾದ್ರೆ ಒಂದು ರಾಕ್ಷಸ ಬೀಳಬೇಕಾಯ್ತು ನೋಡಿ" ಎಂದು ವರದಮ್ಮ ಚುಚ್ಚುತ್ತಾರೆ.

ಬಿಸಿಲು ಚಪ್ಪರದ ಗಳಕ್ಕೆ ತಾಗುವ ಹೊತ್ತಿಗೆ ಮಹೇಶ್ವರಪ್ಪ ಬರುತ್ತಾರೆ. ಕೈಯಲ್ಲಿ ಹಗ್ಗದ ಸಿಂಬಿ. ಮಾತನ್ನು ಸುತ್ತಿ ಬಳಸುವವರಲ್ಲ. "ಉಚ್ಚಂಗಪ್ನೋರೆ, ಕಂಬಕ್ಕೆ ಕಟ್ಟಿ. ಇಲ್ಲಾಂದ್ರೆ ವಾಪಸ್ ಗಾಡಿಗೆ ಹಾಕಿ. ನಂಗೂ ಮನೇಲಿ ಮಕ್ಕಳಿದಾವೆ."

"ಕಟ್ಟಿದ್ರೆ ಅದು ನಿಂತಂಗಲ್ರೀ, ನೇತಾಡಿದಂಗೆ. ನನ್ನ ಕೀಲು ಹಿಡೀತೋ ಹಗ್ಗ ಹಿಡೀತೋ ನಂಗೆ ಹೆಂಗ್ ಗೊತ್ತಾಗಬೇಕು? ಒಂದ್ಸಲ ನೋಡಾಣ. ಆಮ್ಯಾಲೆ ನೀವು ಹೇಳ್ದಂಗೆ."

"ಮತ್ತೆ ಬಿದ್ರೆ?"

ಉಚ್ಚಂಗಪ್ಪ ಹೋಗಿ, ಹೋದ ವಾರ ಆ ಹುಡುಗಿ ಕೂತಿದ್ದ ಜಾಗದಲ್ಲೇ ಚಕ್ಕಂಬಕ್ಕಲ ಹಾಕಿ ಕೂರುತ್ತಾರೆ.

ಪೆಟ್ಟಿಗೆಯ ಹಿಡಿ ಹಿಡಿದಿದ್ದ ವರದಮ್ಮ ಕೈ ಬಿಡುತ್ತಾರೆ. "ನಾ ತಿರುಗ್ಸಲ್ಲ. ಎದ್ದು ಬನ್ನಿ ಮೊದ್ಲು."

"ತಿರುಗ್ಸೇ."

"ಇಲ್ಲಾಂದ್ರೆ ಇಲ್ಲ. ನಿಮಗೇನು, ಬಿದ್ರೆ ಬೀಳ್ತದೆ. ತಿರುಗ್ಸಿದ ಕೈ ನಂದಲ್ವಾ?"

"ಯಾರದೋ ಕೂಸು ಕೂರೋ ಜಾಗ ಇದು ವರದಾ. ನಾನೇ ಕೂರಾಕೆ ಹೆದರಿದ್ರೆ ಅವ್ರನ್ನ ಹೆಂಗ್ ಕೂರಿಸ್ಲಿ?"

ವರದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಹಿಡಿ ತಿರುಗುವ ಸದ್ದು. ಯಂತ್ರಮಾನವ ಸೊಂಟ ಎತ್ತುತ್ತದೆ, ತೊಡೆ ಬಿಚ್ಚುತ್ತದೆ, ನೆಟ್ಟಗಾಗುತ್ತದೆ. ಕೆಂಪಪ್ಪ ಎರಡೂ ಕೀಲು ತೂರಿಸಿ, ನಟ್ಟು ಬಿಗಿದು, ತಂತಿ ಸುತ್ತಿ, "ಕೀಲು ಹಾಕಿದೆ, ನಟ್ಟು ಹಾಕಿದೆ, ಇನ್ನು ಮುಟ್ಟಲ್ಲ" ಎಂದು ಕೂಗಿ ಹೇಳಿ, ಎರಡೂ ಕೈ ಮೇಲೆತ್ತಿಕೊಂಡು ದೂರ ನಿಲ್ಲುತ್ತಾನೆ. ಬಲಗೈ ಏರುತ್ತದೆ. ಅದರ ನೆರಳು ಉಚ್ಚಂಗಪ್ಪನವರ ತಲೆಯ ಮೇಲೆ ಹಾಯುತ್ತದೆ. ಎಲ್ಲೋ ಒಂದು ತಗಡು ಟಕ್ಕೆನ್ನುತ್ತದೆ. ವರದಮ್ಮ ಕಣ್ಣು ಮುಚ್ಚುತ್ತಾರೆ. ಉಚ್ಚಂಗಪ್ಪ ಅಲ್ಲಾಡುವುದಿಲ್ಲ. ಬೆರಳುಗಳು ಒಂದೊಂದಾಗಿ ಮಡಚಿ, ಬಿಚ್ಚಿ, ಬಾ ಎನ್ನುತ್ತವೆ.

"ಹಂಗೇ ಬಿಡು. ನಿಂತ್ಕಳ್ಳಿ" ಎನ್ನುತ್ತಾರೆ. ಬಿಸಿಲು ನೆಲಕ್ಕಿಳಿಯುವವರೆಗೂ ಅದು ನಿಲ್ಲುತ್ತದೆ. ಗಾಳಿ ಬೀಸುತ್ತದೆ, ಆಗಲೂ ನಿಲ್ಲುತ್ತದೆ.

ಮಹೇಶ್ವರಪ್ಪನವರ ಮುಖ ಸಡಿಲಾಗುತ್ತದೆ. "ಸಾಕು ಏಳಿ ಮಾರಾಯ್ರೆ, ನಮ್ಮ ಜೀವ ಹೋಯ್ತು. ನಿಂತ್ಕಂಡ್ತಲ್ಲ, ಹಗ್ಗ ಗಿಗ್ಗ ಏನೂ ಬೇಡ ಇನ್ನು."

ಉಚ್ಚಂಗಪ್ಪ ಎದ್ದು, ಪಂಚೆಯ ಮಣ್ಣು ಕೊಡವಿ, ಅವರ ಕೈಯಿಂದ ಹಗ್ಗ ತೆಗೆದುಕೊಳ್ಳುತ್ತಾರೆ. ಯಂತ್ರಮಾನವನ ಸೊಂಟಕ್ಕೆ ಎರಡು ಸುತ್ತು ಹಾಕಿ, ಹಿಂದಿನ ಕಂಬಕ್ಕೆ ಬಿಗಿಯುತ್ತಾರೆ.

"ಬೇಡ ಅಂದ್ನಲ್ರೀ!"

"ಇರ್ಲಿ ಬಿಡ್ರೀ" ಎನ್ನುತ್ತಾರೆ ಅವರು, ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತ. "ಅದು ನಿಲ್ತತಿ ಅಂತ ನಾನು ನೋಡ್ಬೇಕಿತ್ತು, ನೋಡ್ದೆ. ನಾಳೆ ಕೂರೋವು ಕೂಸುಗಳು."